ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ, ಹಾರಾಟದ ಅವಧಿ, ಗಡಿಯಾರದ ಲೆಕ್ಕ – ಪದೇ ಪದೇ ಕೇಳುವ ಪ್ರಶ್ನೆಗಳು

ಸಿಲಿಕಾನ್ ವ್ಯಾಲಿಗೆ ಕೆಲಸಕ್ಕೆ ಹೋಗುವವರು, ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರು, ಓದಲು ಹೋಗುವ ಹುಡುಗ ಹುಡುಗಿಯರು ಎಲ್ಲರೂ ಮೊದಲು ಕೇಳುವುದು ದೂರ ಎಷ್ಟು ಅಂತ. ಆದರೆ ಪ್ರಯಾಣದ ಹೊತ್ತನ್ನು ಹೆಚ್ಚು ಕಡಿಮೆ ಮಾಡುವುದು ದೂರವೊಂದೇ ಅಲ್ಲ. ಗಾಳಿ, ವಿಮಾನ ಹಿಡಿಯುವ ದಾರಿ, ನಡುವೆ ಇಳಿದು ಹತ್ತುವ ಊರು, ಹೆಬ್ಬಾಳದ ಟ್ರಾಫಿಕ್ಕು ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಎರಡೂ ಊರುಗಳ ನಡುವಿನ ದೂರ ಎಷ್ಟು?

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಭೂಮಿಯ ಮೈಮೇಲೆ ಅಳೆದ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಮೈಲಿಯಲ್ಲಿ ಹೇಳಿದರೆ ಸುಮಾರು 8,700. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 7,560. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಮೂರು ಜಾಲತಾಣಗಳಲ್ಲಿ ಮೂರು ಸಂಖ್ಯೆ ಕಂಡರೆ, ಮೊದಲು ಯಾವ ಮೈಲಿ ಎಂದು ನೋಡಿ. ಊರಿನ ನಡುಭಾಗದಿಂದ ಅಳೆದರೂ, ಭೂಮಿಯನ್ನು ಪೂರ್ತಿ ಗುಂಡಗೆ ಎಂದುಕೊಂಡು ಲೆಕ್ಕ ಹಾಕಿದರೂ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಆಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸಮಭಾಜಕದ ಮೇಲೆ ಭೂಮಿಯ ಸುತ್ತಳತೆ 40,075 ಕಿ.ಮೀ. ಹಾಗಾಗಿ ಯಾವ ಎರಡು ಊರುಗಳ ನಡುವೆಯೂ ಸುಮಾರು 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲು ಸಾಧ್ಯವೇ ಇಲ್ಲ. ಆ ಗರಿಷ್ಠ ದೂರದಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಈ ಒಂದೇ ಪ್ರಯಾಣ ಕ್ರಮಿಸುತ್ತದೆ.

ಅಮೆರಿಕ ಪಶ್ಚಿಮಕ್ಕಿದೆಯಲ್ಲ, ಹತ್ತಿರದ ದಾರಿ ಉತ್ತರಕ್ಕೆ ಯಾಕೆ?

ಗೋಡೆಗೆ ತೂಗುಹಾಕುವ ಭೂಪಟ ನಮ್ಮನ್ನು ದಾರಿ ತಪ್ಪಿಸುತ್ತದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವದ ಹತ್ತಿರದ ಜಾಗಗಳು ಹಿಗ್ಗುತ್ತವೆ; ನೇರ ದಾರಿ ಡೊಂಕಾಗಿಯೂ, ಡೊಂಕು ದಾರಿ ನೇರವಾಗಿಯೂ ಕಾಣುತ್ತದೆ. ಗ್ಲೋಬ್ ತೆಗೆದುಕೊಂಡು ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ನಿಲ್ಲುವ ಗೆರೆಯೇ ಅತಿ ಹತ್ತಿರದ ದಾರಿ.

ಆ ಗೆರೆ ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ, ಬರೀ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ನೇಪಾಳ, ಟಿಬೆಟ್, ಶಿಂಜಿಯಾಂಗ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾ ಮೇಲೆ ಇಳಿಮುಖವಾಗಿ, ಕೆನಡಾದ ಕರಾವಳಿಯ ಪಕ್ಕದಿಂದ ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. ಉತ್ತರ ಧ್ರುವವನ್ನು ಅದು ಮುಟ್ಟುವುದಿಲ್ಲ.

ವಿಮಾನ ಅದೇ ದಾರಿಯಲ್ಲಿ ಹೋಗುತ್ತದಾ?

ಇಲ್ಲ. ಮುಖ್ಯವಾಗಿ ಮೂರು ಅಡ್ಡಿಗಳಿವೆ.

ಮೊದಲನೆಯದು ಟಿಬೆಟ್. ಕ್ಯಾಬಿನ್‌ನ ಗಾಳಿಯೊತ್ತಡ ಕುಸಿದರೆ ಪೈಲಟ್ ವಿಮಾನವನ್ನು ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು. ತಲೆಯ ಮೇಲಿಂದ ಬೀಳುವ ಮುಖಗವಸಿನಲ್ಲಿ ಪ್ರಯಾಣಿಕರಿಗೆ ಆಮ್ಲಜನಕ ಸಿಗುವುದು ಬಹುತೇಕ ವಿಮಾನಗಳಲ್ಲಿ 12ರಿಂದ 22 ನಿಮಿಷ ಮಾತ್ರ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್, ಅಂದರೆ 14,700 ಅಡಿಗೂ ಹೆಚ್ಚು. ಕೆಳಗಿಳಿಯಲು ಅಲ್ಲಿ ಜಾಗವೇ ಇಲ್ಲ. ಹೆಚ್ಚುವರಿ ಆಮ್ಲಜನಕ, ತಪ್ಪಿಸಿಕೊಳ್ಳುವ ದಾರಿಗಳ ಮುಂಗಡ ಯೋಜನೆ ಇದ್ದರೆ ಹಾರಬಹುದು. ಸಾಮಾನ್ಯವಾಗಿ ಸುತ್ತಿಕೊಂಡೇ ಹೋಗುತ್ತಾರೆ.

ಎರಡನೆಯದು ಆಕಾಶದ ಗಡಿ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಬ್ರಿಟನ್, ಐರೋಪ್ಯ ಒಕ್ಕೂಟದ ಕಂಪನಿಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಭಾರತದ ಕಂಪನಿಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ಕಂಪನಿಗಳಿಗೆ ಇದರಿಂದ ದೊಡ್ಡ ಪೆಟ್ಟು. ಬೆಂಗಳೂರಿನಿಂದ ಯೂರೋಪಿಗೋ ಕೊಲ್ಲಿಗೋ ಹೊರಟ ವಿಮಾನ ಅರಬ್ಬಿ ಸಮುದ್ರದ ಮೇಲಿಂದಲೇ ಹೋಗಬಹುದಾದ್ದರಿಂದ ಇಲ್ಲಿಗೆ ಅಷ್ಟು ತಟ್ಟುವುದಿಲ್ಲ.

ಮೂರನೆಯದು ಗಾಳಿ. ಅದಕ್ಕೆ ಬೇರೆಯದೇ ಉತ್ತರ ಬೇಕು, ಮುಂದೆ ಇದೆ.

ತಡೆರಹಿತ ವಿಮಾನವಾದರೆ ಎಷ್ಟು ಗಂಟೆ?

ಬೆಂಗಳೂರಿನಿಂದ ಹೋಗುವಾಗ ಸುಮಾರು 16 ಗಂಟೆ, ವಾಪಸ್ ಬರುವಾಗ 17ರಿಂದ 17½ ಗಂಟೆ ಎಂದಿಟ್ಟುಕೊಳ್ಳಿ. ಟಿಕೆಟ್ಟಿನಲ್ಲಿ ಬರೆದಿರುವುದು ಗೇಟಿನಿಂದ ಗೇಟಿಗೆ ಹಿಡಿಯುವ ಹೊತ್ತು. ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟು ಸೇರುವುದು ಎಲ್ಲ ಅದರಲ್ಲೇ ಸೇರಿದೆ. ಗಾಳಿಯಲ್ಲಿ ಇರುವ ಸಮಯ ಅದಕ್ಕಿಂತ ಅರ್ಧ ಗಂಟೆಯಷ್ಟು ಕಡಿಮೆ.

ಯಾವುದೇ ಎರಡು ಊರಿಗೆ ನೀವೇ ಅಂದಾಜು ಹಾಕಬೇಕೆಂದರೆ ಹೀಗೆ ಮಾಡಿ: ಕಿಲೋಮೀಟರನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. 14,000ವನ್ನು 850ರಿಂದ ಭಾಗಿಸಿದರೆ 16½, ಅರ್ಧ ಸೇರಿದರೆ 17 ಗಂಟೆ. ಇದು ಗಾಳಿಯೇ ಇಲ್ಲ ಎಂದುಕೊಂಡ ಲೆಕ್ಕ. ಸುತ್ತು ದಾರಿ ಇದ್ದರೆ ಇನ್ನೂ ಏರುತ್ತದೆ. ಬೆನ್ನಿಗೆ ಗಾಳಿ ಸಿಕ್ಕರೆ ಒಂದು ಗಂಟೆಗೂ ಮಿಕ್ಕಿ ಇಳಿಯುತ್ತದೆ.

ಹೋಗುವುದಕ್ಕೂ ಬರುವುದಕ್ಕೂ ಒಂದು ಗಂಟೆಗೂ ಹೆಚ್ಚು ವ್ಯತ್ಯಾಸ ಯಾಕೆ? ಭೂಮಿ ತಿರುಗುವುದರಿಂದಲೇ?

ಭೂಮಿ ತಿರುಗುವಾಗ ಗಾಳಿಯೂ ವಿಮಾನವೂ ಜೊತೆಗೇ ತಿರುಗುತ್ತವೆ. ಆದ್ದರಿಂದ "ಕೆಳಗಿನ ನೆಲ ಓಡಿ ಬರುತ್ತದೆ" ಎನ್ನುವುದು ಸುಳ್ಳು. ಕಾರಣ ಜೆಟ್ ಸ್ಟ್ರೀಮ್: 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಹೊಳೆ. ಚಳಿಗಾಲದಲ್ಲಿ ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ.

ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ಹೋಗುತ್ತಿದೆ ಎನ್ನಿ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಮೇಲಿನ ವೇಗ 960, 14,000 ಕಿ.ಮೀ.ಗೆ 14 ಗಂಟೆ 35 ನಿಮಿಷ. ಅಷ್ಟೇ ಗಾಳಿ ಎದುರಿಗಿದ್ದರೆ ವೇಗ 840. 16 ಗಂಟೆ 40 ನಿಮಿಷ. ಬರೀ 60 ಕಿ.ಮೀ. ಗಾಳಿಗೆ ಎರಡು ಗಂಟೆಯ ಅಂತರ.

ಇದರ ಚೆಂದದ ಉದಾಹರಣೆ ದೆಹಲಿಯದು. ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಮೊದಲು ಅಟ್ಲಾಂಟಿಕ್ ಕಡೆಯಿಂದ ಕಳಿಸುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಮೇಲಿಂದ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಗಿ 15,300 ಕಿ.ಮೀ. ಆಯಿತು, ಆದರೆ ಪ್ರಯಾಣ ಸುಮಾರು ಎರಡು ಗಂಟೆ ಕಡಿಮೆಯಾಗಿ 14½ ಗಂಟೆಗೆ ಇಳಿಯಿತು. ಉದ್ದದ ದಾರಿಯೇ ಬೇಗ ಮುಟ್ಟಿಸಿತು! ಬೆಂಗಳೂರಿನ ವಿಮಾನಕ್ಕೂ ಇದೇ ತರ್ಕ: ಹೋಗುವಾಗ ಪೂರ್ವ ಏಷ್ಯಾ ದಾಟಿ ಪೆಸಿಫಿಕ್ ಮೇಲೆ ಗಾಳಿ ಹಿಡಿಯುವುದು ಲಾಭ, ಬರುವಾಗ ಆ ಗಾಳಿಯನ್ನು ತಪ್ಪಿಸಿ ಧ್ರುವದ ಕಡೆಗೆ ಏರುವುದು ಲಾಭ. ಹೊರಡುವ ಕೆಲವು ಗಂಟೆ ಮೊದಲು ಅಂದಿನ ಗಾಳಿ ನೋಡಿ ಡಿಸ್ಪ್ಯಾಚರ್‌ಗಳು ದಾರಿ ಗೊತ್ತು ಮಾಡುತ್ತಾರೆ. ನಿನ್ನೆಯ ವಿಮಾನ ಹೋದ ದಾರಿಯಲ್ಲೇ ಇವತ್ತಿನದೂ ಹೋಗಬೇಕೆಂದಿಲ್ಲ.

ಬೆಂಗಳೂರಿನಿಂದ ತಡೆರಹಿತ ವಿಮಾನ ಇದೆಯಾ?

ನೀವು ಹೊರಡುವ ದಿನಕ್ಕೆ ಟಿಕೆಟ್ ಹುಡುಕುವಾಗ "ನಾನ್‌ಸ್ಟಾಪ್" ಎಂದು ಶೋಧಿಸಿ, ಬಂದರೆ ಇದೆ, ಬರದಿದ್ದರೆ ಇಲ್ಲ. ಇಷ್ಟು ಖಡಕ್ಕಾಗಿ ಹೇಳಲು ಕಾರಣ ಈ ಮಾರ್ಗದ ಚರಿತ್ರೆ. ಏರ್ ಇಂಡಿಯಾದ ಮೊದಲ ವಿಮಾನ, ಎಐ 176, 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 11ರ ಬೆಳಗಿನ ಜಾವ ಇಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಉತ್ತರ ಧ್ರುವದ ಮೇಲಿಂದ ಬಂದರು. ಆಮೇಲೆ ಮಧ್ಯೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ಬರುವುದಾಗಿ 2020ರಲ್ಲಿ ಘೋಷಿಸಿದ್ದವು, ಎರಡೂ ಬರಲಿಲ್ಲ. ಆದ್ದರಿಂದ ಹಳೆಯ ಪತ್ರಿಕಾ ಸುದ್ದಿ ನಂಬಿ ಯೋಜನೆ ಹಾಕಬೇಡಿ.

"ಡೈರೆಕ್ಟ್" ಎಂದು ಬರೆದಿದ್ದರೂ ಒಮ್ಮೆ ನೋಡಿ. ಒಂದೇ ಸಂಖ್ಯೆಯ ವಿಮಾನ ನಡುವೆ ಒಂದೂರಲ್ಲಿ ನಿಂತು ಹೋದರೂ ಅದನ್ನು ಡೈರೆಕ್ಟ್ ಎಂದೇ ಮಾರುತ್ತಾರೆ.

ಇಷ್ಟು ಜನ ಹೋಗುತ್ತಾರೆ, ಆದರೂ ತಡೆರಹಿತ ವಿಮಾನ ನಡೆಸುವುದು ಯಾಕೆ ಇಷ್ಟು ಕಷ್ಟ?

ಬೆಂಗಳೂರಿನ ಎತ್ತರ ಒಂದು ಕಾರಣ. ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ದೆಹಲಿ 237 ಮೀಟರ್, ಮುಂಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಸಮುದ್ರದ ದಡದಲ್ಲೇ. ಎತ್ತರದಲ್ಲಿ ಗಾಳಿ ತೆಳು. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲವೂ ಎಂಜಿನ್ನಿಗೆ ನೂಕುವ ಬಲವೂ ಒಟ್ಟಿಗೇ ಕಡಿಮೆ. ನಮ್ಮ ಎರಡೂ ರನ್‌ವೇಗಳು 4,000 ಮೀಟರ್ ಉದ್ದ ಇರುವುದು ಇದಕ್ಕೆ ದೊಡ್ಡ ಆಸರೆ.

ಇನ್ನು ಇಂಧನ. ಈ ಮಾರ್ಗ ಶುರು ಮಾಡಿದ ಬೋಯಿಂಗ್ 777-200ಎಲ್‌ಆರ್ ಟ್ಯಾಂಕುಗಳಲ್ಲಿ ಸುಮಾರು 1.81 ಲಕ್ಷ ಲೀಟರ್ ಹಿಡಿಯುತ್ತದೆ. ಹೊರಡುವಾಗಿನ ಗರಿಷ್ಠ ತೂಕ ಸುಮಾರು 347 ಟನ್. ಆ ತೂಕದಲ್ಲಿ ದೊಡ್ಡ ಪಾಲು ಇಂಧನದ್ದೇ. ಅದನ್ನು ಹೊರಲು ಮತ್ತಷ್ಟು ಇಂಧನ ಸುಡಬೇಕು. ಎದುರುಗಾಳಿ ಜೋರಿದ್ದ ದಿನ ಸರಕು ಬಿಡಬೇಕು, ಕೆಲವೊಮ್ಮೆ ಸೀಟುಗಳನ್ನೇ ಖಾಲಿ ಬಿಡಬೇಕು. ಪೈಲಟ್‌ಗಳೂ ಇಬ್ಬರಲ್ಲ, ನಾಲ್ವರು. ಸರದಿಯ ಮೇಲೆ ಮಲಗಿ ಏಳುತ್ತಾರೆ. ಧ್ರುವದ ದಾರಿಯಲ್ಲಿ ಇಂಧನದ ತಂಪನ್ನೂ ಕಾಯಬೇಕು: ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ, ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40ರಲ್ಲೇ ಹೆಪ್ಪುಗಟ್ಟತೊಡಗುತ್ತದೆ. ತೀರಾ ತಂಪಾದರೆ ಪೈಲಟ್ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಎರಡರಿಂದಲೂ ಇಂಧನ ಜಾಸ್ತಿ ಖರ್ಚು.

ಒಂದು ಕಡೆ ಇಳಿದು ಹತ್ತುವುದಾದರೆ ಯಾವ ಊರು ಹತ್ತಿರ?

ಎರಡೂ ಹಾರಾಟಗಳ ದೂರ ಕೂಡಿಸಿದರೆ ಅಂದಾಜು ಹೀಗೆ ಬರುತ್ತದೆ:

ದೆಹಲಿ: 1,710 + 12,370 = 14,080 ಕಿ.ಮೀ.
ಟೋಕಿಯೊ ನರಿಟಾ: 6,700 + 8,230 = 14,930 ಕಿ.ಮೀ.
ಹಾಂಗ್‌ಕಾಂಗ್: 3,950 + 11,130 = 15,080 ಕಿ.ಮೀ.
ದುಬೈ: 2,700 + 13,040 = 15,740 ಕಿ.ಮೀ.
ಫ್ರಾಂಕ್‌ಫರ್ಟ್: 7,400 + 9,150 = 16,550 ಕಿ.ಮೀ.
ಲಂಡನ್: 8,050 + 8,610 = 16,660 ಕಿ.ಮೀ.
ಸಿಂಗಾಪುರ: 3,180 + 13,590 = 16,770 ಕಿ.ಮೀ.

ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವೆ 2,700 ಕಿ.ಮೀ., ಅಂದರೆ ಮೂರು ಗಂಟೆ ಚಿಲ್ಲರೆ. ಆದರೆ ನಡುವೆ ಎರಡೂವರೆ ಗಂಟೆ ಕಾಯುವುದೋ ಒಂಬತ್ತು ಗಂಟೆ ಕಾಯುವುದೋ ಎಂಬುದು ಈ ಮೂರು ಗಂಟೆಯನ್ನು ನುಂಗಿಹಾಕುತ್ತದೆ. ಹಾಗಾಗಿ ದೂರ ನೋಡಿ ಊರು ಆರಿಸಬೇಡಿ. ಹೋಗುವಾಗ ಟೋಕಿಯೊ ಅಥವಾ ಹಾಂಗ್‌ಕಾಂಗ್ ದಾರಿಗೆ ಬೆನ್ನಗಾಳಿಯ ಲಾಭವೂ ಇದೆ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೋ ಒಂಬತ್ತೂವರೆ ಗಂಟೆಯೊಳಗೆ ಮುಗಿಯುತ್ತದೆ, ಮರಳುವಾಗ ಹನ್ನೊಂದರ ಹತ್ತಿರ ಬೇಕು.

ದಾರಿಯನ್ನು ಎಲ್ಲಿ ಕತ್ತರಿಸುತ್ತೀರಿ ಎಂಬುದೂ ಮುಖ್ಯ. ದುಬೈ ದಾರಿಯಲ್ಲಿ ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಹದಿನಾರು ಗಂಟೆಯ ಹತ್ತಿರ. ಫ್ರಾಂಕ್‌ಫರ್ಟ್ ಅಥವಾ ಲಂಡನ್ ದಾರಿಯಲ್ಲಿ ಹತ್ತು, ಹನ್ನೊಂದು ಎಂದು ಎರಡು ಸಮಪಾಲು. ಮಂಡಿನೋವು, ಬೆನ್ನುನೋವು ಇರುವವರಿಗೆ ಎರಡನೆಯದೇ ವಾಸಿ. ಕೂತಲ್ಲೇ ನಿದ್ದೆ ಬರುವವರಿಗೆ ಮೊದಲನೆಯದು. ಸಮಪಾಲಿನ ದಾರಿಯಲ್ಲಿ ನಿದ್ದೆ ಹತ್ತುವ ಹೊತ್ತಿಗೆ ಎಬ್ಬಿಸಿಬಿಡುತ್ತಾರೆ.

ನಡುವಿನ ಊರಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಒಂದೇ ಟಿಕೆಟ್ಟಾದರೆ ಎರಡೂವರೆಯಿಂದ ನಾಲ್ಕು ಗಂಟೆ ಹಿತವಾದದ್ದು. ಒಂದೂ ಕಾಲು ಗಂಟೆಯ ಸಂಪರ್ಕವನ್ನೂ ಕಂಪನಿಗಳು ಮಾರುತ್ತವೆ. ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾದರೆ ಎರಡನೆಯದು ತಪ್ಪುತ್ತದೆ. ನೀವು ಓಡಿ ಹಿಡಿದರೂ ಸೂಟ್‌ಕೇಸು ಹಿಂದೆ ಉಳಿಯಬಹುದು. ಒಂದೇ ಟಿಕೆಟ್ಟಿನಲ್ಲಿ ವಿಮಾನ ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದು.

ಹಣ ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ತೆಗೆಯುವವರಿದ್ದಾರೆ. ಆಗ ಆ ಹೊಣೆ ಯಾರಿಗೂ ಇಲ್ಲ. ನಡುವಿನ ಊರಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಅದಕ್ಕೆ ಆ ದೇಶದ ಇಮಿಗ್ರೇಷನ್ ದಾಟಬೇಕು. ದಾಟಲು ಬಹಳಷ್ಟು ಕಡೆ ಆ ದೇಶದ ವೀಸಾ ಬೇಕು. ಅಮೆರಿಕದ ವೀಸಾ ಕೈಯಲ್ಲಿದೆಯಲ್ಲ ಎಂದು ಹೊರಟವರನ್ನು ಬೆಂಗಳೂರಿನ ಕೌಂಟರಿನಲ್ಲೇ ತಡೆಯುವುದು ಇಲ್ಲಿ.

ಇನ್ನೊಂದು ಸಂಗತಿ: ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್, ಅಲ್ಲೇ ಸಾಮಾನು ತೆಗೆದುಕೊಂಡು ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಹಾಕಬೇಕು. ನ್ಯೂಯಾರ್ಕ್ ಅಥವಾ ಶಿಕಾಗೋ ಮೂಲಕ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದಾದರೆ ಅಲ್ಲಿ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಗಡಿಯಾರದ ವ್ಯತ್ಯಾಸ ಎಷ್ಟು? ಟಿಕೆಟ್ ನೋಡಿದರೆ ಹೊರಟ ದಿನವೇ ತಲುಪಿದಂತಿದೆ, ಅದು ಹೇಗೆ?

ಬೇಸಿಗೆ ಸಮಯದಲ್ಲಿ ಅವರು ನಮಗಿಂತ 12½ ಗಂಟೆ ಹಿಂದೆ, ಉಳಿದ ಕಾಲದಲ್ಲಿ 13½ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ನಮ್ಮದು ವರ್ಷವಿಡೀ ಒಂದೇ.

ಲೆಕ್ಕಕ್ಕೆ ಎರಡೇ ಹೆಜ್ಜೆ. ಮೊದಲು ಹೊರಡುವ ಸಮಯವನ್ನು ತಲುಪುವ ಊರಿನ ಸಮಯಕ್ಕೆ ಬದಲಿಸಿ. ಆಮೇಲೆ ಹಾರಾಟದ ಗಂಟೆ ಕೂಡಿಸಿ. ಜುಲೈನಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ, ಆಗ ಅಲ್ಲಿ ಸೋಮವಾರ ನಸುಕಿನ 1.30. ಅದಕ್ಕೆ 16 ಗಂಟೆ ಸೇರಿಸಿದರೆ ಸೋಮವಾರ ಸಂಜೆ 5.30. ಮೂರೂವರೆ ಗಂಟೆಯಲ್ಲಿ ಅಮೆರಿಕ ಮುಟ್ಟಿದಂತೆ ಕಾಣುತ್ತದೆ! ಅದೇ ವಿಮಾನ ಡಿಸೆಂಬರ್‌ನಲ್ಲಾದರೆ ಸಂಜೆ 4.30.

ವಾಪಸ್ ಬರುವಾಗ ಅದರ ಬಡ್ಡಿ ಸಮೇತ ವಸೂಲಿ. ಜುಲೈನ ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ, ಆಗ ಇಲ್ಲಿ ಮಂಗಳವಾರ ಬೆಳಿಗ್ಗೆ 9.30. 17½ ಗಂಟೆ ಸೇರಿದರೆ ಬುಧವಾರ ನಸುಕಿನ 3. ಮಂಗಳವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಯಿತು. ಬುಧವಾರ ಬೆಳಿಗ್ಗೆ ಮದುವೆ ಮುಹೂರ್ತ, ಗೃಹಪ್ರವೇಶ ಇದ್ದರೆ ಸೋಮವಾರ ಹೊರಡುವುದು ತೀರಾ ಅಂಚಿನ ಆಟ. ಪೆಸಿಫಿಕ್ ನಡುವಿನ ದಿನಾಂಕ ರೇಖೆ ದಾಟುವವರಲ್ಲಿ ಏಕಾದಶಿ, ಸೋಮವಾರದ ಉಪವಾಸ ಹಿಡಿಯುವವರು ಯಾವ ಊರಿನ ದಿನ ಎಂದು ಮೊದಲೇ ಮನೆಯ ಪುರೋಹಿತರನ್ನು ಕೇಳಿಬಿಡುವುದು ಒಳ್ಳೆಯದು. ಪೂರ್ವಕ್ಕೆ ಹೋಗುವಾಗ ಸೋಮವಾರ ಎರಡು ಸಲ ಬರಬಹುದು.

ಮನೆ ಬಾಗಿಲಿಂದ ಬಾಗಿಲಿಗೆ ಒಟ್ಟು ಎಷ್ಟು ಹೊತ್ತು?

ತಡೆರಹಿತ ವಿಮಾನಕ್ಕೂ ಸುಮಾರು 24 ಗಂಟೆ, ಒಂದು ಕಡೆ ಇಳಿದು ಹತ್ತಿದರೆ 28ರಿಂದ 32 ಗಂಟೆ ಎಂದು ಇಟ್ಟುಕೊಳ್ಳಿ.

ನಿಲ್ದಾಣ ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ರಾತ್ರಿ ಒಂದು ಗಂಟೆಗೆ 45 ನಿಮಿಷದಲ್ಲಿ ಮುಟ್ಟುವ ದಾರಿ ಸಂಜೆ ಆರಕ್ಕೆ ಎರಡು ಗಂಟೆ ತಿನ್ನುತ್ತದೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯವರು ಮಳೆಗಾಲದ ಸಂಜೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಲೇಬೇಕು. ಮೆಟ್ರೋದ ನೀಲಿ ಮಾರ್ಗ ನಿಲ್ದಾಣ ಮುಟ್ಟುವವರೆಗೆ ಹೆಚ್ಚಿನವರಿಗೆ ರಸ್ತೆಯೇ ಗತಿ. ಬಿಎಂಟಿಸಿಯ ವಾಯುವಜ್ರ ಬಸ್ಸುಗಳಲ್ಲಿ ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8 ಸಿಗುತ್ತವೆ. ದೊಡ್ಡ ಸೂಟ್‌ಕೇಸಿಗೆ ಜಾಗವೂ ಇರುತ್ತದೆ. ಮೈಸೂರಿನವರು ಊರೊಳಗೆ ಬರದೆ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿನಲ್ಲಿ ನೇರ ನಿಲ್ದಾಣಕ್ಕೇ ಬರಬಹುದು.

2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ದೆಹಲಿ ಅಥವಾ ಮುಂಬೈ ಮೂಲಕ ಹೋಗುವವರ ಮೊದಲ ಹಾರಾಟ ದೇಶದೊಳಗಿನದು, ಅದು ಯಾವ ಟರ್ಮಿನಲ್ ಎಂದು ಟಿಕೆಟ್ಟಿನಲ್ಲೇ ನೋಡಿ ಕ್ಯಾಬ್‌ನವರಿಗೆ ಹೇಳಿ. ಅಮೆರಿಕದ ವಿಮಾನಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ ಮೊದಲು ನಿಲ್ದಾಣದಲ್ಲಿರಿ. ದಾಖಲೆ ತಪಾಸಣೆ ನಿಧಾನ. ಕೌಂಟರು ಹೊರಡುವ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತದೆ. ಮುಚ್ಚಿದ ಮೇಲೆ ಯಾರ ಶಿಫಾರಸೂ ನಡೆಯುವುದಿಲ್ಲ.

ಆ ಕಡೆ ಇಳಿದ ಮೇಲೆ ಇಮಿಗ್ರೇಷನ್ ಸಾಲು ಅರ್ಧ ಗಂಟೆಯಲ್ಲೂ ಮುಗಿಯಬಹುದು, ಎರಡು ಗಂಟೆಯೂ ಆಗಬಹುದು. ಕರೆದೊಯ್ಯಲು ಬರುವವರಿಗೆ "ಇಳಿದ ಒಂದೂವರೆ ಗಂಟೆಗೆ ಬನ್ನಿ" ಎಂದರೆ ಪಾರ್ಕಿಂಗ್ ಹಣ ಉಳಿಯುತ್ತದೆ.

ಬೆಂಗಳೂರಿನ ಮಂಜಿಗೆ ವಿಮಾನ ತಡವಾಗುತ್ತದೆಯಾ?

ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಸುತ್ತ ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ದಟ್ಟ ಮಂಜು ಕವಿಯುವ ದಿನಗಳಿವೆ. ಆಗ ಇಳಿಯಬೇಕಾದ ವಿಮಾನ ಚೆನ್ನೈಗೋ ಹೈದರಾಬಾದಿಗೋ ಹೋಗಬಹುದು. ಮಧ್ಯಾಹ್ನ ಅಥವಾ ರಾತ್ರಿ ಹೊರಡುವ ವಿಮಾನಕ್ಕೆ ತೊಂದರೆ ಕಡಿಮೆ. ದೆಹಲಿಯ ಮಂಜು ಇದಕ್ಕಿಂತ ಕೆಟ್ಟದ್ದು. ಆ ಎರಡು ತಿಂಗಳು ದೆಹಲಿ ಮೂಲಕ ಹೋಗುವವರು ನಡುವೆ ಐದಾರು ಗಂಟೆ ಇಟ್ಟುಕೊಂಡರೆ ನೆಮ್ಮದಿ.

ಅಪ್ಪ ಅಮ್ಮ ಮೊದಲ ಸಲ ಇಬ್ಬರೇ ಹೋಗುತ್ತಿದ್ದಾರೆ. ಏನು ನೋಡಿಕೊಳ್ಳಬೇಕು?

ಗಾಲಿಕುರ್ಚಿ ಕೇಳಿ, ನಡೆಯಲು ಬಂದರೂ ಕೇಳಿ. ಟಿಕೆಟ್ ತೆಗೆಯುವಾಗಲೇ ಹೇಳಬೇಕು. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಕಿಲೋಮೀಟರುಗಟ್ಟಲೆ ನಡಿಗೆ ಇರುತ್ತದೆ, ಜೊತೆಗೆ ನಡುವಿನ ಊರಲ್ಲಿ ಯಾವ ಕಡೆ ಹೋಗಬೇಕೆಂಬ ಗೊಂದಲ. ಗಾಲಿಕುರ್ಚಿ ತಳ್ಳುವವರು ಎರಡನ್ನೂ ಬಗೆಹರಿಸುತ್ತಾರೆ.

ಊಟ ಹೊರಡುವ 24 ಗಂಟೆ ಮೊದಲೇ ಗೊತ್ತು ಮಾಡಿ. ಭಾರತೀಯ ಶೈಲಿಯ ಸಸ್ಯಾಹಾರಕ್ಕೆ ಸಂಕೇತ ಎವಿಎಂಎಲ್; ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ತಿನ್ನದವರಿಗೆ ವಿಜೆಎಂಎಲ್. ಬರೀ "ವೆಜ್" ಎಂದರೆ ಕೆಲವು ಕಂಪನಿಗಳಲ್ಲಿ ಉಪ್ಪಿಲ್ಲದ ಬೇಯಿಸಿದ ತರಕಾರಿ ಬರುತ್ತದೆ. ಎರಡು ಹಾರಾಟವಿದ್ದರೆ ಎರಡಕ್ಕೂ ದಾಖಲಾಗಿದೆಯೇ ನೋಡಿ. ಕಂಪನಿ ಬೇರೆಯಾದಾಗ ಎರಡನೆಯದು ತಪ್ಪಿಹೋಗುವುದೇ ಹೆಚ್ಚು.

ಮಾತ್ರೆಗಳು ಕೈಚೀಲದಲ್ಲಿ, ವೈದ್ಯರ ಚೀಟಿಯ ಜೊತೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು 12½ ಗಂಟೆಯ ಬದಲಾವಣೆಗೆ ಡೋಸ್ ಹೇಗೆ ಹೊಂದಿಸುವುದು ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಊಹೆಯ ಮೇಲೆ ಬದಲಿಸಬಾರದು. ಇನ್ಸುಲಿನ್ ಕೆಳಗಿನ ಸಾಮಾನಿಗೆ (ಕೌಂಟರಿನಲ್ಲಿ ಒಪ್ಪಿಸುವ ಸೂಟ್‌ಕೇಸಿಗೆ) ಹಾಕಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಅದಕ್ಕಾಗಿ ಕಿಟಕಿಗಿಂತ ನಡೆದಾರಿಯ ಪಕ್ಕದ ಸೀಟು ತೆಗೆಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ವಿಮಾನದ ಜಾತಿಯೂ ಮುಖ್ಯ: ಬೋಯಿಂಗ್ 777ರೊಳಗೆ ಗಾಳಿಯೊತ್ತಡ 8,000 ಅಡಿ ಎತ್ತರದ ಬೆಟ್ಟದಷ್ಟಕ್ಕೆ ಇಳಿಯಬಹುದು, 787 ಮತ್ತು ಏರ್‌ಬಸ್ ಎ350ರಲ್ಲಿ 6,000 ಅಡಿಯಷ್ಟು ಮಾತ್ರ.

ಚಟ್ನಿಪುಡಿ, ಉಪ್ಪಿನಕಾಯಿ, ಕೊಬ್ಬರಿ ಒಯ್ಯಬಹುದಾ?

ಕೊಬ್ಬರಿ ಗಿಟುಕು ಬೇಡ. ಎಣ್ಣೆ ತುಂಬಿದ ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಸ್ಕ್ಯಾನರ್‌ನಲ್ಲಿ ಸಿಕ್ಕಿಬಿದ್ದು ಸೂಟ್‌ಕೇಸ್ ಬಿಚ್ಚಿಸುವ ವಸ್ತುಗಳಲ್ಲಿ ಬೆಂಗಳೂರಿನಲ್ಲಿ ಇದು ಮುಂಚೂಣಿಯಲ್ಲಿದೆ. ಉಪ್ಪಿನಕಾಯಿ, ತುಪ್ಪ ದ್ರವದ ಲೆಕ್ಕ, 100 ಮಿಲಿ ಮೀರಿದ್ದು ಕೈಚೀಲದಲ್ಲಿ ನಡೆಯದು. ಅಮೆರಿಕದ ವಿಮಾನಗಳಲ್ಲಿ 350 ಮಿಲಿಗಿಂತ ಹೆಚ್ಚಿನ ಪುಡಿಗೂ ಕೈಚೀಲದಲ್ಲಿ ಹೆಚ್ಚುವರಿ ತಪಾಸಣೆ ಇದೆ. ಹಾಗಾಗಿ ಸಾರಿನಪುಡಿ, ಕಾಫಿಪುಡಿ ಎಲ್ಲ ಕೆಳಗಿನ ಸಾಮಾನಿಗೆ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ. ಹಸಿ ಕರಿಬೇವು, ಹಣ್ಣು, ಬೀಜ, ಮಾಂಸ ಅಲ್ಲಿ ಇಳಿದ ಮೇಲೆ ಕಸಿದುಕೊಳ್ಳುತ್ತಾರೆ; ತಿನಿಸು ಇದೆ ಎಂದು ಹೇಳದೆ ಸಿಕ್ಕಿಬಿದ್ದರೆ ದಂಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ, ಅಂದರೆ ಸುಮಾರು 27,000 ಎಂಎಎಚ್‌ವರೆಗೆ.

ಜೆಟ್ ಲ್ಯಾಗ್ ಎಷ್ಟು ದಿನ?

ದೇಹ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಇಲ್ಲಿ ಹಗಲು ರಾತ್ರಿಯೇ ಅದಲುಬದಲು, ಆದ್ದರಿಂದ ಪೂರ್ತಿ ಸರಿಹೋಗಲು ಹತ್ತು ದಿನ ಹಿಡಿದರೂ ಆಶ್ಚರ್ಯವಿಲ್ಲ. ಐದಾರು ದಿನಕ್ಕೆ ಕೆಲಸ ಸಾಗುವಷ್ಟಾಗುತ್ತದೆ. ಸಂಜೆ ಇಳಿಯುವ ವಿಮಾನ ಒಳ್ಳೆಯದು, ಹೋಗಿ ಊಟ ಮಾಡಿ ಮಲಗಬಹುದು. ಬೆಳಿಗ್ಗೆ ಇಳಿದರೆ ರಾತ್ರಿ ಎಂಟರವರೆಗಾದರೂ ಬಿಸಿಲಲ್ಲಿ ಓಡಾಡುತ್ತ ಎಚ್ಚರವಿರಿ. ಇಳಿದ ಮರುದಿನವೇ ಬಾಡಿಗೆ ಕಾರು ಹತ್ತಿ ಹೆದ್ದಾರಿಗೆ ಹೋಗಬೇಡಿ.

ಹೋಗಬೇಕಾದ್ದು ಸ್ಯಾನ್ ಹೋಸೆ ಅಥವಾ ಫ್ರೀಮಾಂಟ್. ಆಗ?

ಬೆಂಗಳೂರಿನವರಲ್ಲಿ ಹೆಚ್ಚಿನವರು ಹೋಗುವುದೇ ಸ್ಯಾನ್ ಫ್ರಾನ್ಸಿಸ್ಕೋ ಊರಿಗಲ್ಲ, ಅದರ ದಕ್ಷಿಣಕ್ಕೆ. ಸ್ಯಾನ್ ಹೋಸೆಗೆ ತನ್ನದೇ ವಿಮಾನ ನಿಲ್ದಾಣ ಇದೆ, ಆದರೆ ಅದಕ್ಕಾಗಿ ಇನ್ನೊಂದು ಸಂಪರ್ಕ ವಿಮಾನ ಹಿಡಿಯುವುದು ಹೊತ್ತಿನ ದಂಡ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಿಂದ ಸ್ಯಾನ್ ಹೋಸೆಗೆ ರಸ್ತೆಯಲ್ಲಿ ಸುಮಾರು 50 ಕಿ.ಮೀ., ಸಂಜೆಯ ದಟ್ಟಣೆ ಇಲ್ಲದಿದ್ದರೆ ಮುಕ್ಕಾಲು ಗಂಟೆ. ಕಾರು ಬರದಿದ್ದರೆ ನಿಲ್ದಾಣದೊಳಗಿಂದಲೇ ಬಾರ್ಟ್ ರೈಲು ಹೊರಡುತ್ತದೆ. ಸನಿವೇಲ್, ಮೌಂಟನ್ ವ್ಯೂ ಕಡೆಗಾದರೆ ಮಿಲ್‌ಬ್ರೇ ನಿಲ್ದಾಣದಲ್ಲಿ ಇಳಿದು ಕ್ಯಾಲ್‌ಟ್ರೇನ್ ಹತ್ತಿ. ಫ್ರೀಮಾಂಟಿಗೆ ಬಾರ್ಟ್‌ನಲ್ಲೇ ಹೋಗಬಹುದು. ಎರಡು 23 ಕಿಲೋ ಸೂಟ್‌ಕೇಸು ಕೈಯಲ್ಲಿದ್ದರೆ ರೈಲಿನ ಆಸೆ ಬಿಟ್ಟು ಕ್ಯಾಬ್ ಮಾಡಿ.